ದಂಟು ಮತ್ತು ಕಣಿಕೆ

ಮೊನ್ನೆ ತರಗತಿಯಲ್ಲಿ ಪಾಠದ ನಡುವೆ ‘ಕಣಿಕೆ’ ಎಂಬ ಮಾತು ಬಂದಿತು. ಅರ್ಥವೇನೆಂದು ಕೇಳಿದೆ. “ಜೋಳದ ದಂಟು, ಸರ್” ಎಂದನೊಬ್ಬ ವಿದ್ಯಾರ್ಥಿ. ತಪ್ಪೆನ್ನುವಂತಿರಲಿಲ್ಲ, ಒಪ್ಪಿ ಮುಂದೆ ಸಾಗಲೂ ಮನಸ್ಸು ಬರಲಿಲ್ಲ.

ನಮ್ಮ ವಿಜಯಪುರದ ಕಡೆಯ ಎರೆಸೀಮೆಯಲ್ಲಿ ಇವೆರಡೂ ಬೇರೆ ಬೇರೆ. ಹೊಲದಲ್ಲಿ ಹಸಿಯಾಗಿ ನಿಂತಿರುವುದು ದಂಟು. ತೆನೆ ಮಾಗಿದ ಮೇಲೆ ಕಿತ್ತು, ತೆನೆ ಮುರಿದು, ಬಿಸಿಲಿಗೆ ಒಣಗಿಸಿ, ಸೂಡು ಕಟ್ಟಿ ಬಣವೆ ಒಟ್ಟಿದಾಗ ಅದು ಕಣಿಕೆ. ಈ ಅಂತರ ಬರಿಯ ಶಬ್ದದ್ದೆಂದು ನಾನೂ ಒಮ್ಮೆ ತಿಳಿದಿದ್ದೆ.

ನಾನು ಹತ್ತು ವರ್ಷದವನಿದ್ದಾಗ ಮುಂಗಾರು ಕೈಕೊಟ್ಟಿತು. ಜೋಳದ ಪೈರು ಮೊಳಕಾಲೆತ್ತರಕ್ಕೇ ಮುರುಟಿ ನಿಂತಿತ್ತು. ಹಸಿದ ಆಕಳು ನಾಲ್ಕು ಬಾಯಿ ಮೇಯಲೆಂದು ನಾನೇ ಹಗ್ಗ ಬಿಚ್ಚಿ ಹೊಲಕ್ಕೆ ಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿಯೇ ಅದು ಏದುಸಿರು ಬಿಡುತ್ತ, ತತ್ತರಿಸಿ ಬಿದ್ದಿತು, ಮತ್ತೆ ಏಳಲಿಲ್ಲ. ಅಜ್ಜ ಬಯ್ಯಲಿಲ್ಲ. “ಎಳೀ ಜ್ವಾಳಕ್ಕ ದನಾ ಬಿಡಬಾರದೋ ತಮ್ಮಾ. ತೆನಿ ಮಾಗೂತನಕಾ ಅದು ಮೇವಲ್ಲ” ಎಂದಷ್ಟೇ ನುಡಿದ.

ಅದರ ಕಾರಣ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಎಳೆಯ ಜೋಳದಲ್ಲಿ ಧುರಿನ್ ಎಂಬ ಪದಾರ್ಥವಿದೆ. ದನ ಅಗಿದು ನುಂಗಿದಾಗ ಅದು ಒಡೆದು ಹೈಡ್ರೋಸಯಾನಿಕ್ ಆಮ್ಲವೆಂಬ ಘೋರ ವಿಷ ಹುಟ್ಟುತ್ತದೆ. ನೀರಿಲ್ಲದೆ ಸೊರಗಿದ ಪೈರಿನಲ್ಲಿಯೂ, ಕೊಯ್ದ ಕೂಳೆಯ ಮರುಚಿಗುರಿನಲ್ಲಿಯೂ ಇದರ ಅಪಾಯ ಹೆಚ್ಚು. ಪೈರು ಬಲಿತಂತೆ ವಿಷ ಇಳಿಯುತ್ತದೆ. ಎಳವೆಯಲ್ಲಿ ಕೊಲ್ಲುವ ದಂಟೇ ಮಾಗಿ ಒಣಗಿ ಬೇಸಗೆಯುದ್ದಕ್ಕೂ ದನಗಳನ್ನು ಸಾಕುತ್ತದೆ.

1964ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದಿತು; ಗಿಡ ಗಿಡ್ಡ, ಕಾಳು ಹೇರಳ. ಆದರೂ ಹಿಂಗಾರಿ ಎರೆಹೊಲದಲ್ಲಿ ಆಳೆತ್ತರ ಮೀರುವ ಮಾಲದಂಡಿಯನ್ನು ರೈತ ಕೈಬಿಡಲಿಲ್ಲ. ಮನೆಗೆ ರೊಟ್ಟಿ ಬೇಕಾದಷ್ಟೇ ಕೊಟ್ಟಿಗೆಗೆ ಕಣಿಕೆಯೂ ಬೇಕೆಂಬುದು ಅವನ ಲೆಕ್ಕ. ಈಗ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗಿವೆ. ನಮ್ಮೂರಿನ ಬಣವೆಗಳೂ ಒಂದೊಂದಾಗಿ ಕರಗುತ್ತಿವೆ, ಅವುಗಳೊಡನೆ ಮಾತುಗಳೂ.

ಪರೀಕ್ಷೆಯಲ್ಲಿ ಬರೆದಿದ್ದರೆ ಆ ವಿದ್ಯಾರ್ಥಿಯ ಉತ್ತರಕ್ಕೆ ಅಂಕ ಕೊಡುತ್ತಿದ್ದೆನೇನೋ. ಅಂದು ಮಾತ್ರ ಪುಸ್ತಕ ಮುಚ್ಚಿಟ್ಟು ಆಕಳ ಕಥೆ ಹೇಳಿದೆ. ಈ ಎರಡು ಮಾತುಗಳ ಅರ್ಥವನ್ನು ನಾನು ತೆತ್ತ ಬೆಲೆ ತೆತ್ತು ಅವರು ಕಲಿಯಬೇಕಾಗಿಲ್ಲ.