ಕಡಲ ತಳದ ಗಾಜಿನೆಳೆ

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು ಸೂಪಾ ಅಣೆಕಟ್ಟನ್ನು ದಾಟಿ, ದಾಂಡೇಲಿಯ ಪಕ್ಕದಲ್ಲಿ ಹರಿದು, ಘಟ್ಟವನ್ನಿಳಿದು ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅದರ ಒಟ್ಟು ಉದ್ದ ಸುಮಾರು ೧೮೪ ಕಿಲೋಮೀಟರು. ದಾಂಡೇಲಿಯ ನೀರಿಗೆ ಕಡಲು ಇಷ್ಟು ಹತ್ತಿರವಾದರೂ ದಾಂಡೇಲಿಯ ಸಂದೇಶಕ್ಕೆ ಅಷ್ಟು ಹತ್ತಿರವಲ್ಲ. ಲಂಡನ್ನಿನಲ್ಲಿರುವ ಬಂಧುವಿಗೆ ಇಲ್ಲಿಂದ ಹೊರಟ ಒಂದು ಮಾತು ಮೊದಲು ನೆಲದ ಮೇಲೆ ನೂರಾರು ಕಿಲೋಮೀಟರು ನಡೆದು, ಮುಂಬಯಿಯನ್ನೋ ಚೆನ್ನೈಯನ್ನೋ ಮುಟ್ಟಿ, ಅಲ್ಲಿಂದ ಕಡಲಿಗೆ ಇಳಿಯಬೇಕು. ೨೦೨೩ರ ಲೆಕ್ಕದಂತೆ ಭಾರತಕ್ಕೆ ಬರುವ ೧೭ ಅಂತರರಾಷ್ಟ್ರೀಯ ಕೇಬಲ್‌ಗಳು ಮುಂಬಯಿ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ ಈ ಐದು ನಗರಗಳಲ್ಲಿಯೇ ದಡ ಸೇರುತ್ತಿದ್ದುವು. ಕರ್ನಾಟಕದ ಕರಾವಳಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಅಂತರ್ಜಾಲದ ಸಂದೇಶಗಳೆಲ್ಲ ಕೃತಕ ಉಪಗ್ರಹಗಳ ಮೂಲಕ ಸಾಗುತ್ತವೆಂದು ಹಲವರು ಭಾವಿಸಿರುವುದುಂಟು. ಕೈಯಲ್ಲಿರುವ ಮೊಬೈಲಿಗೂ ಗುಡ್ಡದ ಮೇಲಿನ ಟವರಿಗೂ ನಡುವೆ ತಂತಿಯಿಲ್ಲವಾದುದರಿಂದ ಹಾಗೆ ತೋರುವುದು ಸಹಜವೇ. ಆದರೆ ತಂತಿಯಿಲ್ಲದ ಹಾದಿ ಹೆಚ್ಚುಕಡಮೆ ಆ ಟವರಿನ ಬುಡದಲ್ಲಿಯೇ ಮುಗಿಯುತ್ತದೆ. ಖಂಡದಿಂದ ಖಂಡಕ್ಕೆ ಹೋಗುವ ಸಂದೇಶಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಿನ ಪಾಲು ಸಮುದ್ರತಳದಲ್ಲಿ ಹಾಸಿರುವ ಕೇಬಲ್‌ಗಳ ಮೂಲಕವೇ ಸಾಗುತ್ತದೆ. ನಾವು ನೋಡುವ ಎಲ್ಲ ಚಿತ್ರಗಳೂ ಕಡಲು ದಾಟಿಯೇ ಬರುತ್ತವೆಂದಲ್ಲ. ಬಹು ಜನ ಬಯಸುವ ಚಲನಚಿತ್ರ, ಹಾಡು ಮೊದಲಾದುವುಗಳ ಪ್ರತಿಗಳನ್ನು ನಮ್ಮ ದೇಶದಲ್ಲಿಯೇ ಸಂಗ್ರಹಿಸಿ ಇಟ್ಟಿರುತ್ತಾರೆ. ಆದರೆ ಮುಂಡಗೋಡದ ಟಿಬೆಟನ್ ವಸತಿಯ ತಾಯಿಯೊಬ್ಬಳು ಅಮೆರಿಕದಲ್ಲಿರುವ ಮಗನೊಡನೆ ಮಾತನಾಡುವಾಗ ಆ ದನಿ ಕಡಲನ್ನು ದಾಟಲೇಬೇಕು.

ಕಡಲಿನಲ್ಲಿ ತಂತಿ ಹಾಸುವ ಸಾಹಸ ಹೊಸದಲ್ಲ. ೧೮೭೦ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆ ಮುಂಬಯಿಗೂ ಏಡನ್ನಿಗೂ ನಡುವೆ ತಂತಿಯನ್ನು ಹಾಸಿತು. ಅದೇ ವರ್ಷ ಮುಂಬಯಿಗೂ ಬ್ರಿಟನ್ನಿಗೂ ಕಡಲ ಮಾರ್ಗದಲ್ಲಿ ತಂತಿಸಂಪರ್ಕ ಏರ್ಪಟ್ಟಿತು. ಅದರ ಒಳಗಿದ್ದುದು ತಾಮ್ರ. ನೀರು ತಾಗದಂತೆ ಸುತ್ತಿದುದು ಗಟ್ಟಾಪರ್ಚಾ ಎಂಬ ಮರದ ಅಂಟು. ಸಾಗುತ್ತಿದ್ದುದು ವಿದ್ಯುತ್ತಿನ ಮಿಡಿತ. ಇಂದಿನ ಕೇಬಲಿನಲ್ಲಿ ಸಂದೇಶವನ್ನು ಹೊರುವುದು ಬೆಳಕು, ಅದರ ಹಾದಿ ಗಾಜು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರೂ ಅವರ ಗುರು ಹಾಪ್‌ಕಿನ್ಸ್ ಅವರೂ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು ೧೯೫೪ರಲ್ಲಿ ಪ್ರಕಟಿಸಿದರು. ಗಾಜಿನಲ್ಲಿರುವ ಕಲ್ಮಷವನ್ನು ನೀಗಿದರೆ ಬೆಳಕನ್ನು ಬಹುದೂರ ಒಯ್ಯಬಹುದೆಂದು ಚಾರ್ಲ್ಸ್ ಕಾವೊ ೧೯೬೬ರಲ್ಲಿ ತೋರಿಸಿಕೊಟ್ಟರು. ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೊದಲ ಗಾಜಿನೆಳೆಯ ಕೇಬಲು ೧೯೮೮ರದು.

ಬೆಳಕು ನೇರವಾಗಿ ಸಾಗುವ ವಸ್ತು. ಹಾಗಿರಲು ಬಾಗಿದ ಎಳೆಯೊಳಗೆ ಅದು ಹೇಗೆ ನಿಲ್ಲುತ್ತದೆ? ಎಳೆಯ ನಡುವಣ ತಿರುಳಿನ ಗಾಜು ಒಂದು ಬಗೆ, ಅದರ ಸುತ್ತಣ ಹೊದಿಕೆಯ ಗಾಜು ಇನ್ನೊಂದು ಬಗೆ. ತಿರುಳಿನ ವಕ್ರೀಭವನಾಂಕ ಹೊದಿಕೆಯದಕ್ಕಿಂತ ತುಸು ಹೆಚ್ಚು. ಆದುದರಿಂದ ಓರೆಯಾಗಿ ಅಂಚಿಗೆ ಬಂದ ಬೆಳಕು ಹೊರಬೀಳದೆ ಒಳಕ್ಕೇ ಹಿಂದಿರುಗುತ್ತದೆ. ಇದೇ ನೀವು ಪಾಠದಲ್ಲಿ ಓದಿರುವ ಸಂಪೂರ್ಣ ಆಂತರಿಕ ಪ್ರತಿಫಲನ. ತಿರುಳಿನ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಮೆ. ಅದರೊಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ವೇಗದಲ್ಲಿ ಓಡುತ್ತದೆ. ಹತ್ತು ಸಾವಿರ ಕಿಲೋಮೀಟರು ಸಾಗಲು ಅದಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಸಾಕು.

ಗಾಜು ಎಷ್ಟೇ ಶುದ್ಧವಾದರೂ ಬೆಳಕು ಹೋಗುತ್ತಾ ಹೋಗುತ್ತಾ ಸೊರಗುತ್ತದೆ. ಒಳ್ಳೆಯ ಎಳೆಯಲ್ಲಿ ಐವತ್ತು ಕಿಲೋಮೀಟರು ನಡೆದ ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ನೂರು ಕಿಲೋಮೀಟರಿಗೆ ನೂರನೆಯ ಒಂದು ಪಾಲು. ಹೀಗೆಯೇ ಲೆಕ್ಕ ಮುಂದುವರಿಸಿದರೆ ಸಾವಿರ ಕಿಲೋಮೀಟರಿನ ಕೊನೆಯಲ್ಲಿ ಉಳಿಯುವುದು, ಒಂದರ ಮುಂದೆ ಇಪ್ಪತ್ತು ಸೊನ್ನೆಗಳನ್ನಿಟ್ಟು ಭಾಗಿಸಿದರೆ ಬರುವಷ್ಟು! ಆದ ಕಾರಣ ಅರುವತ್ತರಿಂದ ನೂರು ಕಿಲೋಮೀಟರಿಗೊಂದರಂತೆ ಕಡಲ ತಳದಲ್ಲಿ ವರ್ಧಕಗಳನ್ನು ಜೋಡಿಸುತ್ತಾರೆ. ವರ್ಧಕದೊಳಗಿನ ಗಾಜಿಗೆ ಎರ್ಬಿಯಂ ಎಂಬ ಧಾತುವನ್ನು ಬೆರೆಸಿರುತ್ತದೆ. ಲೇಸರಿನಿಂದ ಶಕ್ತಿ ಪಡೆದ ಎರ್ಬಿಯಂ ಪರಮಾಣುಗಳು ಸೊರಗಿ ಬಂದ ಬೆಳಕಿಗೆ ತಮ್ಮ ಶಕ್ತಿಯನ್ನು ಧಾರೆಯೆರೆಯುತ್ತವೆ. ಈ ವರ್ಧಕಗಳಿಗೆ ಬೇಕಾದ ವಿದ್ಯುತ್ತನ್ನು ದಡದ ನಿಲ್ದಾಣಗಳಿಂದ, ಕೇಬಲಿನೊಳಗಿನ ತಾಮ್ರದ ಮೂಲಕ, ಸಾವಿರಾರು ವೋಲ್ಟುಗಳಲ್ಲಿ ಕಳುಹಿಸುತ್ತಾರೆ.

ಕೇಬಲಿನ ಬದಲು ಉಪಗ್ರಹವನ್ನೇ ನೆಚ್ಚಿಕೊಳ್ಳಬಾರದೆ? ಇದಕ್ಕೆ ಲಕ್ಷದ್ವೀಪವು ಉತ್ತರ ಹೇಳುತ್ತದೆ. ಅಮೀನಿ, ಕಡಮತ್ ಮೊದಲಾದ ಅಲ್ಲಿನ ಕೆಲವು ದ್ವೀಪಗಳು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಬಹುಕಾಲ ಆ ದ್ವೀಪಗಳಿಗೆ ಉಪಗ್ರಹವೇ ಗತಿಯಾಗಿತ್ತು. ಭೂಮಿಯೊಡನೆ ಸಮವಾಗಿ ಸುತ್ತುವ ಉಪಗ್ರಹದ ಎತ್ತರ ಸುಮಾರು ೩೬,೦೦೦ ಕಿಲೋಮೀಟರು. ಅಲ್ಲಿಗೆ ಏರಿ ಇಳಿಯಲು ಮಾತಿಗೆ ಕಾಲು ಸೆಕೆಂಡು, ಮರುಮಾತಿಗೆ ಇನ್ನೊಂದು ಕಾಲು ಸೆಕೆಂಡು ಬೇಕು. ಕೊಚ್ಚಿಯಿಂದ ಕವರತ್ತಿ ಇರುವುದು ಸುಮಾರು ೪೦೦ ಕಿಲೋಮೀಟರು ದೂರದಲ್ಲಿ. ಗಾಜಿನೆಳೆಯಲ್ಲಿ ಆ ದೂರಕ್ಕೆ ಸೆಕೆಂಡಿನ ಐನೂರನೆಯ ಒಂದು ಪಾಲು ಸಾಕು. ಅಲ್ಲದೆ ಒಂದು ಉಪಗ್ರಹ ಹೊರುವ ಹೊರೆ ಕೇಬಲಿನ ಮುಂದೆ ಅತ್ಯಲ್ಪ. ಕೊಚ್ಚಿಯಿಂದ ಹನ್ನೊಂದು ದ್ವೀಪಗಳಿಗೆ ಹಾಸಿದ ೧,೮೬೮ ಕಿಲೋಮೀಟರು ಉದ್ದದ ಕೇಬಲು ೨೦೨೪ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇತ್ತೀಚೆಗೆ ಕೆಳಮಟ್ಟದಲ್ಲಿ ಸುತ್ತುವ ಉಪಗ್ರಹಗಳ ಸಮೂಹಗಳು ಬಂದಿರುವುದು ನಿಜ. ಅವುಗಳಿಂದ ಕಾಲವಿಳಂಬ ತಗ್ಗುತ್ತದೆಯಾದರೂ ಹೊರೆಯ ಪ್ರಶ್ನೆ ಉಳಿದೇ ಇದೆ.

ಇಷ್ಟು ದೊಡ್ಡ ಕೆಲಸ ಮಾಡುವ ಕೇಬಲು ಆಳಸಮುದ್ರದಲ್ಲಿ ತೋಟಕ್ಕೆ ನೀರು ಹಾಯಿಸುವ ರಬ್ಬರು ಕೊಳವೆಯಷ್ಟೇ ದಪ್ಪ. ದಡದ ಹತ್ತಿರ ಉಕ್ಕಿನ ತಂತಿಗಳ ಕವಚ ತೊಡಿಸಿ ಅದನ್ನು ಮಣ್ಣಿನಲ್ಲಿ ಹೂಳುತ್ತಾರೆ; ಏಕೆಂದರೆ ಅಪಾಯವಿರುವುದು ಆಳದಲ್ಲಲ್ಲ, ಹಡಗಿನ ಲಂಗರೂ ಮೀನಿನ ಬಲೆಯೂ ತಳ ಮುಟ್ಟುವ ಆಳವಿಲ್ಲದ ನೀರಿನಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ ನೂರೈವತ್ತರಿಂದ ಇನ್ನೂರು ಬಾರಿ ಕೇಬಲ್‌ಗಳು ಕೆಡುತ್ತವೆ. ಆಗ ದುರಸ್ತಿಯ ಹಡಗು ಹೋಗಿ, ಕೊಕ್ಕೆಯಿಂದ ಎರಡು ತುದಿಗಳನ್ನೂ ಮೇಲಕ್ಕೆತ್ತಿ, ಕೂದಲೆಳೆಯಂಥ ಗಾಜನ್ನು ಒಂದೊಂದಾಗಿ ಬೆಸೆದು, ಮತ್ತೆ ತಳಕ್ಕಿಳಿಸುತ್ತದೆ.

ಇಂಥ ಎರಡು ಅವಘಡಗಳನ್ನು ಹೋಲಿಸಿ ನೋಡೋಣ. ೨೦೦೮ರ ಜನವರಿ ೩೦ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಕೇಬಲ್‌ಗಳು ಕೆಟ್ಟುಹೋದುವು. ಭಾರತದ ಸಂಪರ್ಕ ಬಹಳ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಪೂರ್ವದ ಕಡೆಗೆ ಹೋಗುವ ಬೇರೆ ಕೇಬಲ್‌ಗಳು ಇದ್ದುವು. ೨೦೨೨ರ ಜನವರಿ ೧೫ರಂದು ಪೆಸಿಫಿಕ್ ಸಾಗರದ ಟೋಂಗಾ ದ್ವೀಪರಾಜ್ಯದಲ್ಲಿ ಜ್ವಾಲಾಮುಖಿ ಸಿಡಿದು, ಅದನ್ನು ಫಿಜಿಗೆ ಜೋಡಿಸಿದ್ದ ಒಂದೇ ಕೇಬಲು ತುಂಡಾಯಿತು. ಅದು ಮತ್ತೆ ಕೂಡಿಕೊಳ್ಳಲು ಸುಮಾರು ಐದು ವಾರ ಹಿಡಿಯಿತು. ಅಷ್ಟೂ ದಿನ ಉಪಗ್ರಹದ ಸಣ್ಣ ಕಿಂಡಿಯೊಂದೇ ಆ ಜನರಿಗೆ ಆಸರೆ. ಎರಡು ಕಡೆಯೂ ಗಾಜು ಒಂದೇ, ಯಂತ್ರವೂ ಒಂದೇ. ಭಾರತಕ್ಕೆ ಎರಡನೆಯ ದಾರಿ ಇತ್ತು, ಟೋಂಗಾಕ್ಕೆ ಇರಲಿಲ್ಲ, ಭೇದವೆಂದರೆ ಇಷ್ಟೇ.

ಈಗ ನಮ್ಮ ಕಾಡಿನ ಕಡೆಗೆ ತಿರುಗೋಣ. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯಿದೆ. ಇವು ಪೇಟೆಗಳು, ಎಳೆ ಬರುವುದು ಇಲ್ಲಿಗೆ ಕಷ್ಟವಲ್ಲ. ಜೋಯಿಡಾದಲ್ಲಿಯಾದರೋ ಮನೆಗಳು ಕಾಡಿನಲ್ಲಿ ಚದರಿಹೋಗಿವೆ. ಗುಡ್ಡಗಳು ರೇಡಿಯೋ ಅಲೆಗಳನ್ನು ಅಡ್ಡಗಟ್ಟುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಕಂಬದ ಮೇಲಿನ ಎಳೆ ಕಡಿಯುತ್ತದೆ. ವಿದ್ಯುತ್ತು ಹೋದರೆ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಟವರು ಮಾತನಾಡುತ್ತದೆ. ೨೦೨೦ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಹಲವು ಊರುಗಳ ವಿದ್ಯಾರ್ಥಿಗಳು ಪಾಠ ಕೇಳಲು ಗುಡ್ಡ ಹತ್ತಬೇಕಾಯಿತು. ಹತ್ತು ಸಾವಿರ ಕಿಲೋಮೀಟರು ಕಡಲನ್ನು ದಾಟಬಲ್ಲ ಪಾಠ ಕೊನೆಯ ಹತ್ತು ಕಿಲೋಮೀಟರಿನಲ್ಲಿ ನಿಂತುಹೋಗಿತ್ತು.

ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ ೨೦೧೧ರಲ್ಲಿ ಒಪ್ಪಿಗೆ ಕೊಟ್ಟಿತು. ಭಾರತ್‌ನೆಟ್ ಎಂಬುದು ಅದಕ್ಕೆ ಅನಂತರ ಬಂದ ಹೆಸರು. ಮೊದಲ ಹಂತದಲ್ಲಿ ಎಳೆಗಳು ಮರದ ಕೊಂಬೆಗಳಂತೆ ಕವಲೊಡೆದು ಹೋಗುತ್ತಿದ್ದುವು. ಕೊಂಬೆ ಮುರಿದರೆ ಅದರಾಚೆಯ ಎಲೆಗಳೆಲ್ಲ ಬಾಡಬೇಕಷ್ಟೆ. ೨೦೨೩ರಲ್ಲಿ ಪರಿಷ್ಕರಿಸಿದ ಯೋಜನೆಯಲ್ಲಿ ಬಳೆಯಂತಹ ಜೋಡಣೆಗೆ ಒಪ್ಪಿಗೆಯಾಯಿತು. ಬಳೆ ಒಂದೆಡೆ ತುಂಡಾದರೂ ಸಂದೇಶ ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು.

ಇದರ ಲಾಭವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ದಾರಿ ನೂರು ದಿನಕ್ಕೆ ಒಂದು ದಿನ ಕೆಡುತ್ತದೆಂದು ಇಟ್ಟುಕೊಳ್ಳೋಣ. ಅಂಥವೇ ಎರಡು ಬೇರೆಬೇರೆ ದಾರಿಗಳಿದ್ದರೆ ಎರಡೂ ಒಂದೇ ದಿನ ಕೆಡುವ ಸಂಭವ ಹತ್ತು ಸಾವಿರ ದಿನಕ್ಕೆ ಒಮ್ಮೆ, ಎಂದರೆ ಇಪ್ಪತ್ತೇಳು ವರ್ಷಕ್ಕೆ ಒಮ್ಮೆ! ಆದರೆ ‘ಬೇರೆಬೇರೆ’ ಎಂಬ ಮಾತನ್ನು ಮರೆಯಕೂಡದು. ಎರಡು ಎಳೆಗಳನ್ನೂ ಒಂದೇ ರಸ್ತೆಯ ಒಂದೇ ಕಾಲುವೆಯಲ್ಲಿ ಹೂಳಿದರೆ ಒಂದೇ ಗುದ್ದಲಿ ಎರಡನ್ನೂ ಕಡಿಯುತ್ತದೆ, ಮತ್ತು ಈ ಲೆಕ್ಕ ಸುಳ್ಳಾಗುತ್ತದೆ. ಅಲೆಕ್ಸಾಂಡ್ರಿಯಾದಲ್ಲಿ ಎರಡು ಕೇಬಲ್‌ಗಳು ಒಂದೇ ಕಡಲಿನಲ್ಲಿ ಒಟ್ಟಿಗೆ ಕೆಟ್ಟುದೂ ಇದನ್ನೇ ತೋರಿಸುತ್ತದೆ.

ಆದುದರಿಂದ ನಮ್ಮ ಊರಿಗೆ ಅಂತರ್ಜಾಲ ಬಂದಿದೆಯೆ ಎಂದು ಕೇಳಿದರೆ ಸಾಲದು. ಎಷ್ಟು ದಾರಿಗಳಲ್ಲಿ ಬಂದಿದೆ ಎಂದು ಕೇಳಬೇಕು. ವಿದ್ಯಾರ್ಥಿಗಳು ಈ ವಿಚಾರಣೆಯನ್ನು ತಾವೇ ಮಾಡಬಹುದು. ಪಂಚಾಯಿತಿ ಕಚೇರಿಗೆ ಎಳೆ ಯಾವ ರಸ್ತೆಯಿಂದ ಬಂದಿದೆ, ಮುಂದೆ ಎಲ್ಲಿಗೆ ಹೋಗಿದೆ, ಟವರಿನ ಬ್ಯಾಟರಿ ಎಷ್ಟು ತಾಸು ಬಾಳುತ್ತದೆ ಎಂಬುದನ್ನು ವಿಚಾರಿಸಿ ಊರಿನ ನಕ್ಷೆಯ ಮೇಲೆ ಗುರುತಿಸಿರಿ. ಗ್ರಾಮಸಭೆಯಲ್ಲಿ ಎರಡನೆಯ ದಾರಿಯನ್ನು ಕೇಳುವಾಗ ಆ ನಕ್ಷೆ ನಿಮ್ಮ ಕೈಯಲ್ಲಿರಲಿ.