ಪರಂಗಿ ಬೀಜಕ್ಕೆ ಗಂಡು ಗಿಡ ಆರಿಸುವ ಬಗೆ



ಪರಂಗಿ ಬೀಜ ಹಿಡಿಯುವಾಗ ನೀವು ತೋಟದಲ್ಲೆಲ್ಲ ಸಿಹಿಯಾದ, ತಿರುಳು ದಪ್ಪಗಿರುವ ಹಣ್ಣನ್ನು ಆರಿಸುತ್ತೀರಿ. ಬೀಜವನ್ನು ಬೂದಿಯಲ್ಲಿ ಉಜ್ಜಿ, ಲೋಳೆ ತೆಗೆದು, ನೆರಳಿನಲ್ಲಿ ಒಣಗಿಸುತ್ತೀರಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೂ ಆ ಬೀಜದಿಂದ ಬೆಳೆದ ಗಿಡಗಳು ಒಂದೊಂದು ಒಂದೊಂದು ಬಗೆಯ ಕಾಯಿ ಬಿಡುತ್ತವೆ. ಹಣ್ಣನ್ನೇನೋ ನೀವು ಆರಿಸಿದಿರಿ. ಆ ಬೀಜಕ್ಕೆ ಪರಾಗ ಕೊಟ್ಟ ಗಂಡು ಗಿಡವನ್ನು ಆರಿಸಿದವರು ಯಾರು? ಗಾಳಿ ಮತ್ತು ಪತಂಗ!

ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸಿನ ಹೆಸರು ನೀವು ಕೇಳಿರಬಹುದು. ಆ ಒಂದು ಮರದ ಗುಣವನ್ನು ತುಮಕೂರಿನ ಹತ್ತಿರದ ಹಿರೇಹಳ್ಳಿ ಕೇಂದ್ರದವರು ಕಸಿ ಕಟ್ಟಿ ಹಾಗೆಯೇ ಉಳಿಸಿದರು. ಅಲ್ಲಿ ತಾಯಿ ಮರವೊಂದಿದ್ದರೆ ಸಾಕು. ಪರಂಗಿಯನ್ನು ನಾವು ಬೀಜದಿಂದಲೇ ಎಬ್ಬಿಸುತ್ತೇವಾದ್ದರಿಂದ ಅರ್ಧ ಗುಣ ತಂದೆಯದು.

ವಾಷಿಂಗ್ಟನ್, ಕೋ-2, ಪೂಸಾ ಡ್ವಾರ್ಫ್ ಮುಂತಾದ ತಳಿಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜದಲ್ಲಿ ಅರ್ಧಕ್ಕರ್ಧ ಗಂಡು ಬರುತ್ತದೆ. ಕೂರ್ಗ್ ಹನಿ ಡ್ಯೂ, ಸೂರ್ಯ ತಳಿಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳಷ್ಟೇ ಇರುವುದರಿಂದ ಈ ಲೇಖನ ಅವುಗಳಿಗೆ ಅನ್ವಯಿಸದು. ರೆಡ್ ಲೇಡಿ ಸಂಕರಣ ತಳಿ. ಅದರ ಬೀಜ ಹಿಡಿಯುವ ಗೋಜಿಗೇ ಹೋಗಬೇಡಿ.

ಗುಣಿಗೆ ಮೂರು ಸಸಿ ನೆಟ್ಟರೆ ಎಂಟು ಗುಣಿಗಳ ಪೈಕಿ ಸರಾಸರಿ ಏಳರಲ್ಲಿ ಒಂದಾದರೂ ಹೆಣ್ಣು ಸಿಗುತ್ತದೆ. ಹೂ ಕಂಡ ಮೇಲೆ ಹೆಚ್ಚಿನ ಗಿಡ ತೆಗೆದು, ಹತ್ತು ಹೆಣ್ಣಿಗೆ ಒಂದು ಗಂಡಿನಂತೆ ಉಳಿಸುವುದು ವಾಡಿಕೆ. ಆರಡಿಗೊಂದರಂತೆ ಗುಣಿ ತೆಗೆದರೆ ಎಕರೆಗೆ 1,210 ಗುಣಿ. ಗಂಡು ಸುಮಾರು 110 ಇದ್ದರೆ ಸಾಕು. ನಾವು ಎಡವುವುದು ಇಲ್ಲಿಯೇ. ಗಂಡು ಗಿಡ ಹೆಣ್ಣಿಗಿಂತ ಮುಂಚೆ ಹೂ ಬಿಡುತ್ತದೆ. ಉದ್ದ ತೊಟ್ಟಿನಲ್ಲಿ ಜೋತಾಡುವ ಹೂಗೊಂಚಲು ಕಂಡ ಕೂಡಲೇ ಮಚ್ಚು ಬೀಳುತ್ತದೆ. ಕೊನೆಗೆ ತಡವಾಗಿ ಹೂ ಬಿಟ್ಟ ಬಡಕಲು ಗಿಡವೇ ತೋಟಕ್ಕೆಲ್ಲ ತಂದೆಯಾಗುತ್ತದೆ. ಆದಕಾರಣ ಮೊದಲು ಹೂ ಬಿಟ್ಟವುಗಳಿಗೆ ಸುಣ್ಣದ ಗುರುತು ಹಾಕಿ. ಎಲ್ಲವೂ ಹೂ ಬಿಟ್ಟ ಮೇಲೆ ಹೋಲಿಸಿ ನೋಡಿ. ಕುಳ್ಳಗೆ, ಕಾಂಡ ದಪ್ಪಗಿದ್ದು, ಗಿಣ್ಣು ಒತ್ತಾಗಿ, ತಗ್ಗಿನಲ್ಲೇ ಮೊದಲ ಹೂ ಬಿಟ್ಟದ್ದನ್ನು ಇಟ್ಟುಕೊಳ್ಳಿ. ಎಲೆ ಮುದುಡಿದ, ನಂಜು ತಗುಲಿದ ಗಿಡ ಬೇಡ. ಗಂಡು ಗಿಡ ಒಮ್ಮೊಮ್ಮೆ ಉದ್ದ ತೊಟ್ಟಿಗೆ ಸಣ್ಣ ಕಾಯಿ ಕಚ್ಚುವುದುಂಟು. ಅಂಥದ್ದೂ ಬೀಜದ ಕೆಲಸಕ್ಕೆ ಬೇಡ.

ಇಷ್ಟು ಕಣ್ಣಿಗೆ ಕಾಣುವ ಗುಣ. ಸಿಹಿ, ಬಣ್ಣ, ತಿರುಳುಗಳನ್ನು ಹಣ್ಣು ಬಿಡದ ಗಿಡದಲ್ಲಿ ನೋಡುವುದು ಹೇಗೆ? ಹೋರಿ ಆರಿಸುವಾಗ ನೀವು ಅದರ ಹಾಲು ಕರೆದು ನೋಡುತ್ತೀರಾ? ತಾಯಿ ಎಷ್ಟು ಕರೆಯುತ್ತಿತ್ತು, ಅಕ್ಕತಂಗಿಯರು ಹೇಗೆ ಎಂದು ವಿಚಾರಿಸುತ್ತೀರಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನವರಿಗೆ ವಂಶ ನೋಡುವುದನ್ನು ಹೇಳಿಕೊಡಬೇಕಾಗಿಲ್ಲ. ಪರಂಗಿಗೂ ಇದೇ ಲೆಕ್ಕ. ಒಂದೊಂದು ಹಣ್ಣಿನ ಬೀಜವನ್ನು ಬೇರೆ ಬೇರೆ ಸಾಲಿನಲ್ಲಿ ನೆಡಿ. ಯಾವ ಸಾಲಿನ ಹೆಣ್ಣು ಗಿಡಗಳೆಲ್ಲ ಒಂದೇ ಸಮನಾಗಿ ಒಳ್ಳೆಯ ಹಣ್ಣು ಕೊಡುತ್ತವೆಯೋ ಆ ಸಾಲಿನ ಗಂಡೇ ನಿಮಗೆ ಬೇಕಾದದ್ದು.

ಗಂಡು ಬದಲಾದರೆ ಈ ವರ್ಷದ ಹಣ್ಣಿನ ರುಚಿ ಕೆಡುತ್ತದೆಂದು ಕೆಲವರು ಹೇಳುತ್ತಾರೆ. ಹಾಗಿಲ್ಲ, ತಿರುಳು ತಾಯಿಯ ಸ್ವತ್ತು. ತಂದೆಯ ಗುಣ ಬೀಜದೊಳಗೆ ಅಡಗಿದ್ದು ಮುಂದಿನ ಬೆಳೆಯಲ್ಲಿ ಹೊರಬೀಳುತ್ತದೆ. ಹಣ್ಣು ತಿಂದು ಬೀಜ ನಂಬುವವರು ಮೋಸ ಹೋಗುವುದು ಇದರಿಂದಲೇ.

ಆರಿಸಿದ ಗಂಡಿನ ಪರಾಗವನ್ನು ಕೈಯಿಂದಲೇ ಹಚ್ಚಿ. ಮರುದಿನ ಅರಳಲಿರುವ ಹೆಣ್ಣು ಮೊಗ್ಗಿಗೆ ಸಂಜೆ ಕಾಗದದ ಚೀಲ ಕಟ್ಟಿ. ಬೆಳಿಗ್ಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ತುದಿಗೆ ಮುಟ್ಟಿಸಿ, ಮತ್ತೆ ಚೀಲ ಕಟ್ಟಿ. ಕಾಯಿ ಊದಿದ ಮೇಲೆ ಚೀಲ ತೆಗೆದು, ಯಾವ ಗಂಡು, ಯಾವ ತಾರೀಖು ಎಂದು ಬರೆದ ಚೀಟಿ ಕಟ್ಟಿ. ಹತ್ತು ಕಾಯಿ ಹೀಗೆ ಮಾಡಿದರೆ ನಿಮ್ಮ ತೋಟಕ್ಕೆ ಬೇಕಾದ ಬೀಜಕ್ಕಿಂತ ಹೆಚ್ಚೇ ಸಿಗುತ್ತದೆ.

ಇನ್ನೊಂದು ಮಾತು. ಕಾಯಿ ಕಚ್ಚಿದ ಮೇಲೆ ಆ ಗಂಡು ಗಿಡವನ್ನು ಕಡಿಯಬೇಡಿ. ಪರಂಗಿ ಕೆಲವು ವರ್ಷ ಬದುಕುವ ಗಿಡ. ಮಗಳು ಗಿಡಗಳು ನೆಟ್ಟ ಒಂಬತ್ತು ಹತ್ತು ತಿಂಗಳಿಗೆ ಹಣ್ಣು ಕೊಡುತ್ತವೆ. ಆಗ ತಿಂದು ನೋಡಿ. ಚೆನ್ನಾಗಿದ್ದರೆ ಆ ತಂದೆಯ ಪರಾಗವನ್ನೇ ಮತ್ತೆ ಬಳಸಿ, ಇಲ್ಲವಾದರೆ ಆಗ ಮಚ್ಚು ಹಿಡಿಯಿರಿ.