ಬಂಗಾರದ ಫಂಡು ಎಲ್ಲಿ ಸಿಗ್ತದೆ?

ಬೆಳಕು ಹರಿಯುವ ಮೊದಲೇ ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಗದ್ದಲ ಶುರುವಾಗಿರುತ್ತದೆ. ಸ್ವೆಟರಿನ ಮೇಲೆ ಕಂಪನಿಯ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗರು, ಊಟದ ಡಬ್ಬಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು, ಕಿಟಕಿಯಿಂದ ಟವೆಲ್ಲು ಎಸೆದು ಗೆಳೆಯನಿಗೆ ಸೀಟು ಹಿಡಿಯುವವರು. ಒಂದೇ ಬೆಂಚಿನ ಮೇಲೆ ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಹರಟೆ. ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಗಣಿಗಳ ಹೆಸರು ಹೊತ್ತ ಪುಟ್ಟ ನಿಲ್ದಾಣಗಳಲ್ಲಿ ನಿಂತು ನಿಂತು ಬಂಗಾರಪೇಟೆಯ ಕಡೆ ಸಾಗುವಾಗ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಮಬ್ಬಿನಲ್ಲಿ ಬೂದುಬಣ್ಣಕ್ಕೆ ತಿರುಗುತ್ತವೆ. ಅವುಗಳ ಪಕ್ಕದಲ್ಲಿ ಶಾಫ್ಟಿನ ಕಬ್ಬಿಣದ ಗೋಪುರ, ತುಕ್ಕು ತಿಂದು ನಿಂತಿದೆ.

ಆ ದಿಬ್ಬಗಳನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಕಣ್ಣು ಮೊಬೈಲಿನಲ್ಲಿ. ‘ಗ್ರಾಮ್ ಎಷ್ಟಾಯ್ತು ನೋಡೋ’ ಎನ್ನುತ್ತಾನೆ ಒಬ್ಬ. ‘ನಾನು ಗೋಲ್ಡ್ ಬೀಸ್ ತಗೊಂಡಿದೀನಣ್ಣ, ಮಾರ್ಕೆಟ್ಟು 9.15ಕ್ಕೆ ಓಪನ್ನು, ಆಮೇಲೆ ನೋಡನಾ’ ಎಂದು ಇನ್ನೊಬ್ಬ ಫೋನನ್ನು ಜೇಬಿಗಿಳಿಸುತ್ತಾನೆ. ಅವನು ಹೇಳಿದ್ದು ಶೇರು ಪೇಟೆಯಲ್ಲಿ ಕೈ ಬದಲಾಯಿಸುವ ಚಿನ್ನದ ಫಂಡು, ಇಟಿಎಫ್. ಈ ಬಗೆಯ ಮೊದಲ ಫಂಡು ಭಾರತದ ಪೇಟೆಗೆ ಬಂದದ್ದು 2007ರ ಮಾರ್ಚಿನಲ್ಲಿ. ಅಷ್ಟರಲ್ಲಿ ಇವನ ಊರಿನ ಗಣಿಗೆ ಬೀಗ ಬಿದ್ದು ಆರು ವರ್ಷ ಕಳೆದಿತ್ತು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಿಸಿಯಲ್ಲಿ ಬೆಂದು ಮೇಲೆ ತಂದ ಕಲ್ಲಿನಲ್ಲಿ, ಕೊನೆಕೊನೆಗೆ ಟನ್ನಿಗೆ ಮೂರು ಗ್ರಾಮಿನ ಆಸುಪಾಸು ಚಿನ್ನ ಸಿಗುತ್ತಿತ್ತು. ಹುಡುಗ ಕೊಂಡ ಫಂಡಿನ ಒಂದು ಯೂನಿಟ್ಟು ಗ್ರಾಮಿನ ಸುಮಾರು ನೂರನೇ ಒಂದು ಪಾಲಿನಷ್ಟು. ಇನ್ನೊಂದು ವಿಚಿತ್ರವೂ ಇದೆ. 1880ರಲ್ಲಿ ಇಲ್ಲಿ ಗಣಿ ತೋಡಲು ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಶೇರುದಾರರಿದ್ದುದು ಲಂಡನ್ನಿನಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ ಅವರ ಪರವಾಗಿ ಗಣಿ ನಡೆಸುತ್ತಿತ್ತು. ಸಾಲುಮನೆಯ ಕೂಲಿಯವನಿಗೆ ಆ ಶೇರು ಎಲ್ಲಿ ಸಿಗುತ್ತದೆಂದು ಕೇಳುವ ದಾರಿಯೂ ಇರಲಿಲ್ಲ, ಬಾಯಿಯೂ ಇರಲಿಲ್ಲ.

ಈಗ ಕೇಳುವ ಬಾಯಿ ಇದೆ. ಅದೇ ಊರಿನ ರಾಬರ್ಟ್‌ಸನ್‌ಪೇಟೆಯಲ್ಲಿ ಹತ್ತು ಗಂಟೆಯ ಬಿಸಿಲಿಗೆ ಅಂಗಡಿಗಳ ಶಟರ್ ಒಂದೊಂದಾಗಿ ಮೇಲೇಳುತ್ತವೆ. ಎಂ.ಜಿ. ಮಾರ್ಕೆಟ್ಟಿನ ಕಡೆಯಿಂದ ಕೊತ್ತಂಬರಿ, ಮಲ್ಲಿಗೆ, ಒಣಮೀನು ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಒಡವೆ ಅಂಗಡಿಯ ಹುಡುಗ ಗಾಜು ಒರೆಸುತ್ತಾನೆ. ಚಿನ್ನದ ಮೇಲೆ ಸಾಲ ಕೊಡುವಲ್ಲಿ ಬೋರ್ಡಿನ ದರ ಬದಲಾಗುತ್ತದೆ. ಅಲ್ಲಿಂದ ಒಬ್ಬ ಹೆಂಗಸು, ಮೈನ್ಸಿನಲ್ಲಿ ದುಡಿದವರ ಮಗಳು, ಕೈಚೀಲದಲ್ಲಿ ಪಾನ್ ಕಾರ್ಡು, ಆಧಾರ್, ಪಾಸ್‌ಬುಕ್ ಇಟ್ಟುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾಳೆ. ‘ಸಾರ್, ಬಂಗಾರದ ಫಂಡು ಇಲ್ಲಿ ಸಿಗ್ತದಾ?’

ಕೌಂಟರಿನವನು ಬಾಂಡಿನ ಮಾತೆತ್ತುತ್ತಾನೆ. ಸರ್ಕಾರದ ಚಿನ್ನದ ಬಾಂಡು 2015ರ ನವೆಂಬರಿನಲ್ಲಿ ಶುರುವಾಗಿತ್ತು. ಬ್ಯಾಂಕಿನಲ್ಲೂ ಪೋಸ್ಟಾಫೀಸಿನಲ್ಲೂ ಸಿಗುತ್ತಿತ್ತು, ಆಮೇಲಿನ ಕಂತುಗಳಿಗೆ ವರ್ಷಕ್ಕೆ ಶೇ 2.5 ಬಡ್ಡಿ ಬೇರೆ. ಆದರೆ 2024ರ ಫೆಬ್ರವರಿಯ ಕಂತೇ ಕೊನೆಯದು. ಹಳೆಯ ಬಾಂಡು ಬೇಕಿದ್ದರೆ ಶೇರು ಪೇಟೆಯಲ್ಲೇ ಹುಡುಕಬೇಕು. ಅದಕ್ಕೆ ಶೇರು, ಬಾಂಡು ಇಡುವ ಡಿಮ್ಯಾಟ್ ಖಾತೆ ಬೇಕು, ರೈಲಿನ ಹುಡುಗ ಕೊಂಡ ಇಟಿಎಫ್‌ಗೂ ಬೇಕು. ‘ಅದೆಲ್ಲಾ ನನಗೆ ಬೇಡಪ್ಪ’ ಎಂದು ಆಕೆ ಕೆಳಗಿಳಿಯುತ್ತಾಳೆ. ನನ್ನ ಮಟ್ಟಿಗೆ ಆಕೆ ಕೇಳಿದ್ದೇ ಸರಿಯಾದ ಪ್ರಶ್ನೆ. ಟೀವಿಯಲ್ಲಿ ಫಂಡಿನ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗುವವರು, ಅದಕ್ಕೆ ಯಾವ ಬಾಗಿಲು ತಟ್ಟಬೇಕೆಂದು ಹೇಳುವುದೇ ಇಲ್ಲ.

ಬಾಗಿಲು ಪಕ್ಕದ ಬೀದಿಯಲ್ಲೇ ಇತ್ತು. ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು, ಎಲ್ಐಸಿ ಕ್ಯಾಲೆಂಡರು. ಮೇಜಿನ ಹಿಂದಿನವರು ಮ್ಯೂಚುವಲ್ ಫಂಡಿನ ಏಜೆಂಟು. ಫಂಡ್ ಕಂಪನಿಗಳ ಸಂಘ ಆ್ಯಂಫಿ ಏಜೆಂಟರಿಗೆ ಕೊಡುವ ಎಆರ್‌ಎನ್ ಸಂಖ್ಯೆಯನ್ನು ಗೋಡೆಗೆ ಅಂಟಿಸಿದ್ದಾರೆ. ಅವರು ಹಾಳೆಯೊಂದನ್ನು ತಿರುವಿ ಅದರ ಬೆನ್ನ ಮೇಲೆ ಗೀಟು ಎಳೆಯುತ್ತಾ ಹೇಳುತ್ತಾರೆ: ‘ನೋಡಮ್ಮ, ಡಿಮ್ಯಾಟ್ ಇಲ್ದೆ ತಗೊಳ್ಳೋದು ಐತೆ, ಗೋಲ್ಡ್ ಫಂಡ್ ಆಫ್ ಫಂಡ್ ಅಂತ. ನೀವು ಕಟ್ಟಿದ ದುಡ್ಡು ಇಟಿಎಫ್‌ಗೆ ಹೋಗ್ತದೆ, ಅದು ಶೇಕಡಾ 99.5 ಶುದ್ಧ ಚಿನ್ನದ ಗಟ್ಟಿ ಕೊಂಡು ವಾಲ್ಟಿನಲ್ಲಿ ಇಡಸ್ತದೆ.’ ತಮ್ಮ ಕಮಿಷನ್ನನ್ನೂ ಮುಚ್ಚಿಡುವುದಿಲ್ಲ. ರೆಗ್ಯುಲರ್ ಎಂಬ ಬಗೆಯಲ್ಲಿ ಕೊಂಡರೆ ಅವರ ಪಾಲು ಖರ್ಚಿನೊಳಗೇ ಸೇರಿರುತ್ತದೆ. 2013ರಿಂದ ಡೈರೆಕ್ಟ್ ಎಂಬುದೂ ಇದೆ, ಫಂಡ್ ಕಂಪನಿಯ ಜಾಲತಾಣದಲ್ಲೇ ಕೊಂಡರೆ ಖರ್ಚು ಕಡಿಮೆ. ‘ಮಗನಿಗೆ ಹೇಳಿದ್ರೆ ಫೋನಲ್ಲೇ ಮಾಡ್ಕೊಡ್ತಾನೆ. ಯಾವುದೋ ಆ್ಯಪಿನಲ್ಲಿ ಡಿಜಿಟಲ್ ಗೋಲ್ಡ್ ಅಂತ ಬಂದ್ರೆ ಮಾತ್ರ ಹುಷಾರಮ್ಮ, ಅದು ಫಂಡಲ್ಲ.’ ಆ ಸರಕು ತನ್ನ ಕಣ್ಗಾವಲಿನ ಹೊರಗಿದೆ ಎಂದು 2025ರ ನವೆಂಬರಿನಲ್ಲಿ ಶೇರು ಪೇಟೆಯ ನಿಯಂತ್ರಕ ಸೆಬಿಯೇ ಎಚ್ಚರಿಸಿದೆ.

ಆಕೆ ಹಾಳೆಯನ್ನೇ ನೋಡುತ್ತಾ ಕೂರುತ್ತಾಳೆ. ಕೆಳಗೆ ಜೆರಾಕ್ಸ್ ಯಂತ್ರ ಗುರ್ರೆನ್ನುತ್ತದೆ. ಬಿಸಿ ಕಾಗದದ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ‘ಕೊನೆಗೆ ಚಿನ್ನಾನೇ ಕೊಡ್ತಾರಾ?’

‘ಇಲ್ಲಮ್ಮ. ಅವತ್ತಿನ ರೇಟಿಗೆ ದುಡ್ಡು, ಸೀದಾ ಅಕೌಂಟಿಗೆ. ರೇಟು ಇಳಿದಿದ್ರೆ ಅದೂ ಇಳೀತದೆ.’

‘ಹಂಗಾದ್ರೆ ಮಗಳ ಸರಕ್ಕೆ ಒಡವೆ ಅಂಗಡಿ ಚೀಟಿ ಕಟ್ಟೋದು ಬಿಡಲ್ಲ. ಇದಕ್ಕೆ ತಿಂಗಳಿಗೆ ಐನೂರು ಬರ್ಕೊಳ್ಳಿ’ ಎಂದು ಪಾನ್ ಕಾರ್ಡು ಮುಂದೆ ಚಾಚುತ್ತಾಳೆ. ಅವರು ನಾಮಿನಿಯ ಹೆಸರು ಕೇಳುತ್ತಾರೆ.